ಮೊದಲು ಕೋಲು, ಆಮೇಲೆ ಸುತ್ತಿಗೆ

ಕೇಳುಗರಿಗೆಲ್ಲ ನಮಸ್ಕಾರ. ಹಾಸನದಲ್ಲಿ ಪೈಪಿನ ಕೆಲಸ ಮಾಡಿಕೊಂಡು ಮೂವತ್ತು ವರ್ಷ ದಾಟಿತು. ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ಥರ. “ಮೇಸ್ತ್ರೀ, ಗೋಡೆ ಒದ್ದೆ ಆಗಿದೆ, ಬಂದು ಒಡೆದು ನೋಡಿ.” ಒಡೆದು ನೋಡಿ! ಹೊಟ್ಟೆನೋವು ಅಂತ ಹೋದವರು ಡಾಕ್ಟರಿಗೆ “ಕೊಯ್ದು ನೋಡಿ” ಅನ್ನುತ್ತಾರಾ? ನಾನು ಇವತ್ತು ಹೇಳುವುದು ಇಷ್ಟೇ. ಮೊದಲು ಕೋಲು, ಆಮೇಲೆ ಸುತ್ತಿಗೆ.

ಯಾವ ಕೋಲು? ಮನೆಯಲ್ಲಿರುವ ಯಾವುದಾದರೂ ನೇರವಾದ ಕೋಲು. ಚೆನ್ನಾಗಿ ತೊಳೆದುಕೊಳ್ಳಿ, ಕುಡಿಯುವ ನೀರಿಗೆ ಇಳಿಸುವಂಥದ್ದು. ರಾತ್ರಿ ಪಾತ್ರೆ ತೊಳೆದು ಮುಗಿದ ಮೇಲೆ ತಾರಸಿಗೆ ಹೋಗಿ. ಮೋಟಾರ್ ಆಫ್ ಇರಲಿ. ಟ್ಯಾಂಕಿನ ಮುಚ್ಚಳ ತೆಗೆದು ಕೋಲನ್ನು ತಳ ಮುಟ್ಟುವವರೆಗೆ ಇಳಿಸಿ, ಎತ್ತಿ, ಒದ್ದೆಯಾದ ಜಾಗಕ್ಕೆ ಪೆನ್ಸಿಲಿನಲ್ಲಿ ಗೆರೆ ಹಾಕಿ. ರಾತ್ರಿ ಯಾರೂ ನಲ್ಲಿ ತಿರುಗಿಸಬಾರದು. ಎದ್ದು ಬಚ್ಚಲಿಗೆ ಹೋಗುವವರಿಗೆ ಎರಡು ಬಕೆಟ್ ನೀರು ತುಂಬಿಸಿಡಿ. ಬೆಳಿಗ್ಗೆ ಮತ್ತೆ ಕೋಲು ಇಳಿಸಿ. ಗೆರೆ ಅಲ್ಲೇ ಇದ್ದರೆ ಟ್ಯಾಂಕಿನಿಂದ ಇಳಿಯುವ ಪೈಪು ಸರಿಯಾಗಿದೆ, ಆರಾಮಾಗಿ ಕಾಫಿ ಕುಡಿಯಿರಿ. ಇಳಿದಿದ್ದರೆ ನೀರು ಎಲ್ಲೋ ಹೋಗುತ್ತಿದೆ.

ಒಂದು ಇಂಚು ತಾನೇ ಅನ್ನಬೇಡಿ. ಸಾವಿರ ಲೀಟರಿನ ದುಂಡು ಟ್ಯಾಂಕಿನಲ್ಲಿ ಒಂದು ಇಂಚು ಅಂದರೆ ಹೆಚ್ಚುಕಮ್ಮಿ 24 ಲೀಟರ್. ಆರಡಿ ಉದ್ದ ಐದಡಿ ಅಗಲದ ಸಂಪಿನಲ್ಲಿ ಅದೇ ಒಂದು ಇಂಚು 70 ಲೀಟರ್. ಗೊರೂರಿನ ಹೇಮಾವತಿ ಹೊಳೆಯಿಂದ ಪಂಪ್ ಮಾಡಿ ಊರಿಗೆ ತಂದ ನೀರನ್ನು ನೀವು ಇನ್ನೊಂದು ಸಲ ಕರೆಂಟು ಸುಟ್ಟು ಮೇಲಕ್ಕೆ ಎತ್ತಿ, ಗೋಡೆಗೆ ಕುಡಿಸುತ್ತಿದ್ದೀರಿ.

ಎರಡನೇ ರಾತ್ರಿ ಟ್ಯಾಂಕಿನಿಂದ ಇಳಿಯುವ ಗೇಟ್‌ವಾಲ್ ಪೂರ್ತಿ ಮುಚ್ಚಿ, ಅದೇ ಕೋಲು ಇಳಿಸಿ. ಈಗಲೂ ನೀರು ಇಳಿದರೆ ತೊಂದರೆ ಟ್ಯಾಂಕಿನದ್ದು, ಇಲ್ಲವೆ ವಾಲ್ ಸರಿಯಾಗಿ ಮುಚ್ಚಿಲ್ಲ. ಇಳಿಯದಿದ್ದರೆ ಪೈಪಿನದ್ದು, ಇಲ್ಲವೆ ಫ್ಲಶ್ ಟ್ಯಾಂಕಿನದ್ದು. ನೋಡಿ, ಒಂದು ಕಡೆಯೂ ಗೋಡೆ ಒಡೆಯದೆ ಅರ್ಧ ಕೆಲಸ ಮುಗಿಯಿತು.

ಇಲ್ಲಿ ಒಂದು ಮನೆಯ ಕಥೆ ಹೇಳಲೇಬೇಕು. ಸಾಲಗಾಮೆ ರಸ್ತೆಯ ಕಡೆ. ದೇವರ ಕೋಣೆಯ ಗೋಡೆ ಬುಡದಲ್ಲಿ ಬೂಷ್ಟು, ಬಣ್ಣ ಹಪ್ಪಳದ ಥರ ಎದ್ದಿತ್ತು. ಮೊದಲ ವರ್ಷ ಮಳೆ ಅಂದುಕೊಂಡರು. ನಮ್ಮ ಕಡೆ ಎಲ್ಲದಕ್ಕೂ ಮಳೆಯೇ ಕಾರಣ ಅಲ್ವಾ? ಆದರೆ ಮಳೆಯ ತೇವ ಶಿವರಾತ್ರಿ ಹೊತ್ತಿಗೆ ಒಣಗಬೇಕು. ಇದು ಯುಗಾದಿ ಕಳೆದರೂ ಒಣಗಲಿಲ್ಲ. ಎರಡನೇ ವರ್ಷ ಗಾರೆ ಕಿತ್ತು ಹೊಸ ಗಾರೆ, ವಾಟರ್‌ಪ್ರೂಫ್ ಬಣ್ಣ. ಆರು ತಿಂಗಳಿಗೆ ಮತ್ತೆ ಹಪ್ಪಳ. ಯಾರೋ ವಾಸ್ತು ದೋಷ ಅಂದರು. ಕೊನೆಗೆ ಯಜಮಾನರು ತೀರ್ಮಾನಕ್ಕೆ ಬಂದರು: ಮೂರಡಿ ಓಣಿಯ ಆಚೆ ಪಕ್ಕದ ಮನೆಯವರ ಬಚ್ಚಲಿದೆ, ಅದರದ್ದೇ ನೀರು! ಜಗಳ ಆಯಿತು. ಎರಡು ಮನೆಗೂ ಮಾತು ನಿಂತಿತು. ಹಬ್ಬಕ್ಕೆ ಎಳ್ಳುಬೆಲ್ಲ ಕೊಡುವುದೂ ನಿಂತಿತು.

ನನ್ನನ್ನು ಕರೆದದ್ದು ಪಕ್ಕದವರ ಬಚ್ಚಲೇ ಸೋರುತ್ತಿದೆ ಅಂತ ಹೇಳಿಸಲು. ನಾನು ಕೋಲು ಕೇಳಿದೆ. “ಕೋಲು ಯಾಕೆ ಮೇಸ್ತ್ರೀ, ಗೋಡೆ ಇಲ್ಲಿದೆ” ಅಂದರು. ಆ ಮನೆಯ ಅಮ್ಮ ಮಾತ್ರ ಸುಮ್ನೆ ಹೋಗಿ ಜೇಡ ತೆಗೆಯುವ ಕೋಲನ್ನು ತೊಳೆದು ತಂದುಕೊಟ್ಟರು. ಮೊದಲ ರಾತ್ರಿ ಎರಡು ಇಂಚು ಇಳಿಯಿತು. ಎರಡನೇ ರಾತ್ರಿ ವಾಲ್ ಮುಚ್ಚಿದೆವು, ಗೆರೆ ಅಲ್ಲಾಡಲಿಲ್ಲ. ಅಡುಗೆಮನೆಯ ಲೈನಿಗೂ ಬಚ್ಚಲಿನ ಲೈನಿಗೂ ಬೇರೆ ಬೇರೆ ವಾಲ್ ಇತ್ತು. ಮೂರನೇ ರಾತ್ರಿ ಅಡುಗೆಮನೆಯದನ್ನು ಮಾತ್ರ ಬಿಟ್ಟೆವು. ಮತ್ತೆ ಎರಡು ಇಂಚು! ಅಂದರೆ ಪಕ್ಕದವರ ಬಚ್ಚಲೂ ಅಲ್ಲ, ಇವರ ಬಚ್ಚಲೂ ಅಲ್ಲ. ಇವರದೇ ಅಡುಗೆಮನೆ ಪೈಪು. ಅದು ಇಳಿಯುವುದು ನಡುಮನೆಯ ಗೋಡೆಯಲ್ಲಿ, ದೇವರ ಕೋಣೆಯಿಂದ ಹತ್ತಡಿ ದೂರ.

ಮಾರನೇ ರಾತ್ರಿ ಹನ್ನೊಂದಕ್ಕೆ ಟಿವಿ, ಫ್ಯಾನು ಎಲ್ಲ ಆಫ್ ಮಾಡಿಸಿದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಗೋಡೆಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು ಗೇಣು ಗೇಣಾಗಿ ಸರಿದೆ. ಒಂದು ಕಡೆ ಸಣ್ಣಗೆ ಸ್ಸ್ ಅಂತ ಸದ್ದು. ಅಲ್ಲಿ ಗೃಹಪ್ರವೇಶದ ದಿನ ತೆಗೆಸಿದ ದೊಡ್ಡ ಫೋಟೊ ತೂಗುಹಾಕಿದ್ದರು. ಫೋಟೊ ತೆಗೆದೆ. ಹಿಂದೆ ತಟ್ಟೆಯಗಲ ಒದ್ದೆ. ನಡುವೆ ತುಕ್ಕು ಹಿಡಿದ ಮೊಳೆ. ಮೊಳೆ ಹೊಡೆದಾಗಲೇ ಪೈಪು ತೂತಾಗಿತ್ತು, ಆದರೆ ಮೊಳೆಯೇ ಬಿರಡೆಯಾಗಿ ನಿಂತಿತ್ತು. ವರ್ಷ ಕಳೆದಂತೆ ಮೊಳೆ ತುಕ್ಕು ತಿಂದು ಸಣ್ಣಗಾಯಿತು, ನೀರು ಜಿನುಗಿ ಪೈಪಿನ ಗುಂಟ ಇಳಿದು, ನೆಲದ ಅಂಚಿನಲ್ಲೇ ಹರಿದು ದೇವರ ಕೋಣೆಯಲ್ಲಿ ಎದ್ದಿತು. ವಾಲ್ ಮುಚ್ಚದೆ ನಾನು ಇಕ್ಕಳ ಹಾಕಿ ಮೊಳೆ ಎಳೆದೆ. ಬುದ್ಧಿ ಇರಲಿಲ್ಲ ನನಗೆ. ದಾರದಂಥ ನೀರು ಚಿಮ್ಮಿ ನನ್ನ ಅಂಗಿ ಎಲ್ಲ ಒದ್ದೆ.

ಒಡೆದದ್ದು ಒಂದು ಗೇಣು ಗೋಡೆ. ತುಂಡು ಕತ್ತರಿಸಿ ಹೊಸ ತುಂಡು ಕೂಡಿಸಿದೆ, ಅಷ್ಟೇ. ಮರುದಿನ ಸಂಜೆ ಆ ಅಮ್ಮ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಹಿಡಿದು ಪಕ್ಕದ ಮನೆಗೆ ಹೋದರಂತೆ. ಯಜಮಾನರು ಹೋಗಲಿಲ್ಲ.

ಕಥೆ ಜಾಸ್ತಿ ಆಯಿತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಫ್ಲಶ್ ಟ್ಯಾಂಕಿಗೆ ಬಟ್ಟೆಗೆ ಹಾಕುವ ನೀಲಿ ನಾಲ್ಕು ತೊಟ್ಟು ಬಿಡಿ. ಅರ್ಧ ಗಂಟೆ ಯಾರೂ ಫ್ಲಶ್ ಮಾಡಬಾರದು. ಕಮೋಡಿನಲ್ಲಿ ನೀಲಿ ಕಂಡರೆ ಒಳಗಿನ ವಾಷರ್ ಹೋಗಿದೆ. ಇದು ಸದ್ದೇ ಮಾಡದ ಕಳ್ಳ. ಐದು ನಿಮಿಷಕ್ಕೆ ಒಂದು ಲೀಟರ್ ಹೋದರೂ ದಿನಕ್ಕೆ 288 ಲೀಟರ್. ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕಿನ ಕಾಲು ಭಾಗಕ್ಕಿಂತ ಜಾಸ್ತಿ!

ಸಂಪಿಗೂ ಕೋಲು ಇಳಿಸಿ. ಬೀದಿ ನೀರಿನ ವಾಲ್ ಮುಚ್ಚಿ, ಮೋಟಾರ್ ಹಾಕದೆ, ಒಂದು ಹಗಲು ಒಂದು ರಾತ್ರಿ. ಸಂಪು ಸೋರಿದರೆ ನೀರು ಹೋಯಿತು ಅಂತ ಮಾತ್ರ ತಿಳಿಯಬೇಡಿ. ಒಳಗೆ ನೀರು ಕಮ್ಮಿಯಾದಾಗ ಅದೇ ಬಿರುಕಿನಿಂದ ಹೊರಗಿನ ಕೊಳಚೆ ಒಳಗೆ ಬರುತ್ತದೆ. ಚರಂಡಿ ಪಕ್ಕ ಸಂಪು ಇರುವವರು ಇದನ್ನು ಈ ವಾರವೇ ನೋಡಿ, ಮುಂದಿನ ವಾರ ಅನ್ನಬೇಡಿ.

ಎಂ-ಸೀಲ್ ಮೆತ್ತಿ ಆಯಿತು ಅನ್ನುವವರೂ ಇದ್ದಾರೆ. ಅದು ನನ್ನ ಕೈಗೆ ಇನ್ನೊಂದು ಸಲ ಕೆಲಸ ಕೊಟ್ಟಂತೆ. ಪೈಪು ಕೂಡಿಸಿದ ದಿನವೇ ಗಾರೆ ಹಾಕಿಸಬೇಡಿ. ಗಮ್ಮು ಒಣಗಲಿ, ನೀರು ಬಿಟ್ಟು ಒಂದು ದಿನ ನೋಡಿ. ಕೋಲು ಇಳಿಸಿ ಅಂತ ಮತ್ತೆ ಹೇಳಬೇಕಾ?

ಹೊಸ ಮನೆ ಕಟ್ಟಿಸುವವರಿಗೆ ಒಂದು ಮಾತು. ಗಾರೆ ಹಾಕುವ ಮುಂಚೆ ಗೋಡೆಯ ಪಕ್ಕ ಅಳತೆ ಟೇಪು ಹಿಡಿದು, ಪೈಪು ಎಲ್ಲೆಲ್ಲಿ ಹೋಗಿದೆ ಅಂತ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಗೃಹಪ್ರವೇಶದ ಫೋಟೊ ಎಲ್ಲಿ ತೂಗುಹಾಕಬೇಕು ಅಂತ ಅದನ್ನು ನೋಡಿ ಹೇಳಬಹುದು.

ಸೋಲಾರ್ ಲೈನಿನ ವಿಷಯ ಬರೆದುಕೊಂಡು ಬಂದಿದ್ದೆ, ಅದಕ್ಕೆ ಹೊತ್ತಿಲ್ಲ. ನಿಲಯದವರು ಇನ್ನೊಂದು ದಿನ ಕರೆದರೆ ಹೇಳುತ್ತೇನೆ. ನಮಸ್ಕಾರ.