ಮಾಸು ಒಂದೋ, ಎರಡೋ?

ಮಾನ್ಯ ಅಧ್ಯಕ್ಷರೇ, ತಾಲ್ಲೂಕಿನ ಊರೂರುಗಳಿಂದ ಬಂದಿರುವ ಆಶಾ ಕಾರ್ಯಕರ್ತೆಯರೇ, ಶುಶ್ರೂಷಕಿಯರೇ, ಮುಂದಿನ ಸಾಲಿನಲ್ಲಿ ಎರಡೆರಡು ಕೂಸುಗಳನ್ನು ಸಂಭಾಳಿಸುತ್ತ ಕುಳಿತಿರುವ ತಾಯಂದಿರೇ,

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೆರಿಗೆ ಕೋಣೆಯಲ್ಲಿ ಕಳೆದ ನನಗೆ, ಅವಳಿ ಬಸುರಿಯರ ಮನೆಯವರು ಕೇಳುತ್ತಿದ್ದ ಪ್ರಶ್ನೆಗಳು ಬಾಯಿಪಾಠವಾಗಿವೆ. ಗಂಡೋ ಹೆಣ್ಣೋ ಎಂಬುದು ಮೊದಲನೆಯದು. ಅದಕ್ಕೆ ಉತ್ತರ ಹೇಳುವುದು 1994ರ ಕಾಯ್ದೆಯ ಪ್ರಕಾರ ಅಪರಾಧ. ಇಬ್ಬರೂ ಒಂದೇ ಥರ ಇರುತ್ತಾರೆಯೇ ಎಂಬುದು ಎರಡನೆಯದು. ಅದನ್ನು ಹೇಳಿದರೆ ಅಪರಾಧವೇನೂ ಆಗದು, ಆದರೆ ಅದರಿಂದ ಯಾರ ಜೀವವೂ ಉಳಿಯದು. ನಿಜವಾಗಿ ಕೇಳಬೇಕಾದ ಪ್ರಶ್ನೆಯನ್ನು ಕೇಳಿದವರು ಬೆರಳೆಣಿಕೆಯಷ್ಟು ಮಂದಿ: ಮಾಸು, ಅಂದರೆ ಗರ್ಭದಲ್ಲಿ ಮಗುವನ್ನು ಪೋಷಿಸುವ ಪ್ಲಾಸೆಂಟಾ, ಒಂದೋ, ಎರಡೋ?

ಜೋಡಿ ಬಾಳೆಹಣ್ಣು ತಿಂದರೆ ಅವಳಿ ಹುಟ್ಟುತ್ತವೆ ಎಂದು ನಂಬಿದ ಅಜ್ಜಿಯರು ಈ ಸಭೆಯಲ್ಲೂ ಇದ್ದೀರಿ. ನಾನು ಎಷ್ಟೋ ಜೋಡಿ ಹಣ್ಣು ತಿಂದಿದ್ದೇನೆ, ನನ್ನ ಮೂವರೂ ಒಬ್ಬೊಬ್ಬರಾಗಿಯೇ ಬಂದರು. ಎರಡು ಅಂಡಗಳಿಂದ ಬೆಳೆದ ಅವಳಿಗಳಿಗೆ ಹೆಚ್ಚುಕಡಿಮೆ ಯಾವಾಗಲೂ ಎರಡು ಮಾಸು. ಒಂದೇ ಅಂಡ ಸೀಳಿ ಎರಡಾದಾಗ ಸುಮಾರು ಮೂರನೆಯ ಒಂದು ಭಾಗದಲ್ಲಿ ಎರಡು ಮಾಸು ಇರುತ್ತವೆ, ಉಳಿದವರಲ್ಲಿ ಇಬ್ಬರಿಗೂ ಒಂದೇ. ಆ ಒಂದರೊಳಗೆ ಇಬ್ಬರ ರಕ್ತನಾಳಗಳೂ ಕೂಡಿಕೊಂಡಿರುವುದರಿಂದ, ಕೆಲವೊಮ್ಮೆ ಒಂದು ಮಗುವಿನ ರಕ್ತ ಇನ್ನೊಂದಕ್ಕೆ ಹರಿಯುತ್ತ ಹೋಗಿ, ಕೊಡುವ ಮಗು ನೀರಿಲ್ಲದೆ ಸೊರಗಿದರೆ ಪಡೆಯುವ ಮಗು ಹೆಚ್ಚಾದ ನೀರಿನಲ್ಲಿ ಮುಳುಗಿ, ಅದರ ಹೃದಯ ಆ ಹೊರೆಯನ್ನು ತಾಳಲಾರದೆ ಸೋಲುತ್ತದೆ. ತಾಯಿಯ ಹೊಟ್ಟೆ ಕೆಲವೇ ದಿನಗಳಲ್ಲಿ ಬಿಗಿದು ಉಬ್ಬುತ್ತದೆ. ‘ಅವಳಿ ಅಲ್ಲವೇ, ಹೊಟ್ಟೆ ದೊಡ್ಡದಾಗಲೇಬೇಕು’ ಎಂದು ಮನೆಯವರು ಸುಮ್ಮನಿರುತ್ತಾರೆ. ಕೂಡಿದ ನಾಳಗಳನ್ನು ಗರ್ಭದೊಳಗೇ ಲೇಸರಿನಿಂದ ಮುಚ್ಚುವ ಚಿಕಿತ್ಸೆ ನಮ್ಮ ದೇಶದಲ್ಲೂ ಇದೆ, ಆದರೆ ಅದು ಸಮಯಕ್ಕೆ ಸಿಕ್ಕಿದವರಿಗೆ ಮಾತ್ರ. ಆದ್ದರಿಂದಲೇ ಒಂದು ಮಾಸಿನ ಅವಳಿಗಳಿಗೆ 16ನೆಯ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನ್ ಆಗಬೇಕು.

ಇದನ್ನು ತಿಳಿಯುವ ಕಾಲ 11ರಿಂದ 14ನೆಯ ವಾರ. ಆಗ ಇಬ್ಬರ ನಡುವಿನ ಪೊರೆಯ ಬುಡದಲ್ಲಿ ಬೆಣೆಯಂಥ ಮೂಲೆ ಕಂಡರೆ ಮಾಸು ಎರಡು, ತೆಳ್ಳಗಿನ ಪೊರೆ ನೇರವಾಗಿ ಬಂದು ತಾಗಿದ್ದರೆ ಒಂದು. ಏಳನೆಯ ತಿಂಗಳಲ್ಲಿ ಬಂದು ಕೇಳಿದರೆ, ಅಕ್ಕಪಕ್ಕದ ಎರಡು ಮಾಸು ಅಂಟಿಕೊಂಡು ಒಂದೇ ಎಂಬಂತೆ ಕಾಣುತ್ತಿರುತ್ತವೆ. ಆ ಬೆಣೆಯೂ ಮಾಸಿಹೋಗಿರುತ್ತದೆ. (ಮಾಸು ಮಾಸಿಹೋಗುವ ಶ್ಲೇಷೆ ನನ್ನದಲ್ಲ, ಭಾಷೆಯದು.)

ಈಗ ನಾನು ಎಲ್ಲ ಕಡೆಯೂ ಹೇಳುವ ಕಥೆಯನ್ನು ಇಲ್ಲಿಯೂ ಹೇಳುತ್ತೇನೆ, ಕೇಳಿದವರು ಕ್ಷಮಿಸಬೇಕು. 1987ರ ಮಳೆಗಾಲ. ಮಲೆನಾಡಿನ ಅಂಚಿನ ಒಂದು ಸಣ್ಣ ಆಸ್ಪತ್ರೆಗೆ ರಾತ್ರಿ ಒಂದೂವರೆಗೆ ಟ್ರ್ಯಾಕ್ಟರಿನ ಹಿಂದಿನ ಟ್ರೈಲರಿನಲ್ಲಿ, ಟಾರ್ಪಾಲಿನ ಕೆಳಗೆ ಮಲಗಿಸಿ ಒಬ್ಬ ಬಸುರಿಯನ್ನು ಕರೆತಂದರು. ಸ್ಕ್ಯಾನ್ ಎಂಬ ಶಬ್ದವೇ ಆ ತಾಲ್ಲೂಕಿಗೆ ಬಂದಿರಲಿಲ್ಲ. ಎರಡು ಗಂಟೆ ಹತ್ತು ನಿಮಿಷಕ್ಕೆ ಹೆಣ್ಣು ಮಗು ಹುಟ್ಟಿತು, ಅತ್ತಿತು. ಹೊರಗೆ ಕಾದಿದ್ದ ಅತ್ತೆ ಸೆರಗಿನ ಗಂಟಿನಲ್ಲಿ ತಂದಿದ್ದ ಸಕ್ಕರೆಯನ್ನು ವಾರ್ಡಿನವರಿಗೆಲ್ಲ ಹಂಚತೊಡಗಿದರು. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಆಗಿನ ರೂಢಿಯಂತೆ ನಾನು, ‘ಸಿಸ್ಟರ್, ಮೆಥರ್ಜಿನ್ ಕೊಡಿ’ ಎಂದೆ. ತುಂಬಿದ ಸಿರಿಂಜು ಹಿಡಿದಿದ್ದ ಆ ಹಿರಿಯ ಸಿಸ್ಟರ್ ಸೂಜಿ ಚುಚ್ಚುವ ಮೊದಲು ಎಡಗೈಯನ್ನು ಬಾಣಂತಿಯ ಹೊಟ್ಟೆಯ ಮೇಲಿಟ್ಟರು. ಇಟ್ಟ ಕೈ ಅಲ್ಲೇ ನಿಂತಿತು. ‘ಡಾಕ್ಟ್ರೇ, ಇಲ್ಲಿ ಬಲ ಪಕ್ಕೆಯಲ್ಲಿ ಒಂದು ತಲೆ ಇದೆ’ ಎಂದು, ಸಿರಿಂಜನ್ನು ತಟ್ಟೆಗೆ ಹಾಕಿದರು.

ಆ ಇಂಜೆಕ್ಷನ್ ಹೋಗಿದ್ದರೆ ಗರ್ಭಕೋಶ ಮುಷ್ಟಿಯಂತೆ ಬಿಗಿದು, ಅಡ್ಡ ಮಲಗಿದ್ದ ಎರಡನೆಯ ಮಗು ಉಸಿರಿಲ್ಲದೆ ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಮೊದಲ ಮಗುವಿನ ಹೊಕ್ಕುಳಬಳ್ಳಿಗೆ ಗುರುತಿಗಾಗಿ ಒಂದು ದಾರ ಕಟ್ಟಿ, ಹೊಟ್ಟೆಯ ಮೇಲಿನಿಂದಲೇ ಒಂದು ಅಂಗೈಯಲ್ಲಿ ತಲೆಯನ್ನು, ಇನ್ನೊಂದರಲ್ಲಿ ಅಂಡನ್ನು ಮೆಲ್ಲಗೆ ಒತ್ತುತ್ತ ತಲೆಯನ್ನು ಕೆಳಕ್ಕೆ ತಂದೆ. ಬೇನೆ ನಿಂತುಹೋಗಿತ್ತು. ಸಿಸ್ಟರ್ ತಲೆ ಜಾರದಂತೆ ಹಿಡಿದುಕೊಂಡು, ಫೀಟೋಸ್ಕೋಪನ್ನು ಎತ್ತದೆ ಎದೆಬಡಿತ ಎಣಿಸುತ್ತಿದ್ದರು. ಬೇನೆ ಮರಳಿತು, ತಲೆ ಇಳಿದ ಮೇಲೆ ನೀರಿನ ಚೀಲ ಒಡೆದೆ. ಮಗು ಬಂತು, ಅಳಲಿಲ್ಲ. ಟವೆಲಿನಲ್ಲಿ ಬೆನ್ನುಜ್ಜಿ, ಬಾಯಿಯ ಲೋಳೆ ಎಳೆದ ಮೇಲೆ ಬೆಕ್ಕಿನ ಮರಿಯಂತೆ ಒಂದು ದನಿ ಹೊರಟಿತು. ಹೊರಗೆ ಸಕ್ಕರೆ ಮುಗಿದಿತ್ತು. ಆಮೇಲೆ ಸಿಸ್ಟರ್ ಎನಾಮಲ್ ಬೇಸಿನ್ನಿನಲ್ಲಿ ಮಾಸನ್ನು ನಲ್ಲಿಯ ಕೆಳಗೆ ತೊಳೆದು, ದಾರ ಕಟ್ಟಿದ ಬಳ್ಳಿಯದು ಒಂದು, ಕಟ್ಟದ್ದು ಇನ್ನೊಂದು ಎಂದು ಬೇರೆ ಬೇರೆ ಎತ್ತಿ ತೋರಿಸಿದರು. ಮಾಸನ್ನು ಎಣಿಸುವುದನ್ನು ನನಗೆ ಕಲಿಸಿದವರು ಅವರು.

ಆಗ ಯಾರಿಗೂ ಗೊತ್ತಿರಲಿಲ್ಲ, ಅದು ಕಾಲದ ತಪ್ಪು. ಈಗ ಮೂರು ಸ್ಕ್ಯಾನ್ ಆದ ಮೇಲೂ ತಾಯಿ ಕಾರ್ಡಿನಲ್ಲಿ ಬರೀ ‘ಅವಳಿ’ ಎಂದು ಬರೆದು ಕಳಿಸಿದರೆ ಯಾರ ತಪ್ಪು? ಯಾವ ವಾರಕ್ಕೆ ಹೆರಿಗೆ ಎಂಬುದನ್ನೂ ಮಾಸೇ ನಿರ್ಧರಿಸುತ್ತದೆ: ತೊಡಕಿಲ್ಲದಿದ್ದರೆ ಎರಡು ಮಾಸಿಗೆ ಸುಮಾರು 37 ವಾರ, ಒಂದಕ್ಕೆ 36, ಮಾಸೂ ನೀರಿನ ಚೀಲವೂ ಒಂದೇ ಆಗಿದ್ದರೆ 32ರಿಂದ 34ರೊಳಗೆ ಸಿಸೇರಿಯನ್.

ಅವಳಿ ಎಂದರೆ ಸಿಸೇರಿಯನ್ನೇ ಎಂಬ ಮಾತೂ ಇದೆ. 2013ರಲ್ಲಿ ಪ್ರಕಟವಾದ, 25 ದೇಶಗಳ 2,800ಕ್ಕೂ ಹೆಚ್ಚು ಗರ್ಭಿಣಿಯರನ್ನು ಒಳಗೊಂಡ ಅಧ್ಯಯನವೊಂದು, ಮೊದಲ ಮಗುವಿನ ತಲೆ ಕೆಳಗಿದ್ದರೆ ಮೊದಲೇ ಗೊತ್ತುಮಾಡಿದ ಸಿಸೇರಿಯನ್ನಿನಿಂದ ಮಕ್ಕಳಿಗೆ ಹೆಚ್ಚಿನ ಲಾಭವಿಲ್ಲ ಎಂದು ತೋರಿಸಿತು. ಆದರೆ ಸಹಜ ಹೆರಿಗೆಗೆಂದು ಹೊರಟವರಲ್ಲೂ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಮಂದಿಗೆ ಕೊನೆಗೆ ಶಸ್ತ್ರಚಿಕಿತ್ಸೆಯೇ ಆಯಿತು ಎಂಬುದನ್ನು ಮರೆಯಬಾರದು. ಆಪರೇಷನ್ ಥಿಯೇಟರ್, ರಕ್ತ, ಇಬ್ಬರು ಮಕ್ಕಳನ್ನು ಏಕಕಾಲಕ್ಕೆ ನೋಡಿಕೊಳ್ಳುವ ಕೈಗಳು ಇಲ್ಲದ ಕಡೆ ಅವಳಿ ಹೆರಿಗೆಯನ್ನು ಹಚ್ಚಿಕೊಳ್ಳಬೇಡಿ. 108ಕ್ಕೆ ಬೇಗ ಕರೆ ಮಾಡಿ.

ಅಧ್ಯಕ್ಷರು ಎರಡನೆಯ ಸಲ ಗಡಿಯಾರ ನೋಡಿದರು. ರಕ್ತಸ್ರಾವದ ಬಗ್ಗೆ ಅರ್ಧ ಗಂಟೆ ಮಾತನಾಡಬೇಕಿತ್ತು, ಒಂದೇ ಮಾತು ಹೇಳುತ್ತೇನೆ: ಇಬ್ಬರನ್ನು ಹೊತ್ತು ಹಿಗ್ಗಿದ ಗರ್ಭಕೋಶ ಬಿಗಿಯಲು ತಡಮಾಡುತ್ತದೆ, ಆದ್ದರಿಂದ 10 ಯೂನಿಟ್ ಆಕ್ಸಿಟೋಸಿನ್ ಸಿದ್ಧವಾಗಿರಲಿ, ಆದರೆ ಅದನ್ನು ಕೊಡುವುದು ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದ ಮೇಲೆ. ತೂಕ ಕಡಿಮೆಯ ಕೂಸುಗಳನ್ನು ಕಾಂಗರೂ ಆರೈಕೆಯಲ್ಲಿ ಒಂದನ್ನು ತಾಯಿ, ಒಂದನ್ನು ತಂದೆ ಎದೆಗಪ್ಪಿಕೊಳ್ಳಬಹುದು, ಗಂಡಸರು ನಾಚಬೇಕಿಲ್ಲ. ಇಬ್ಬರಿಗೂ ಎದೆಹಾಲು ಸಾಲುವುದೇ ಎಂಬ ಚೀಟಿಗೆ ಉತ್ತರ, ಹೆಚ್ಚಿನವರಿಗೆ ಸಾಲುತ್ತದೆ. ತಾಯಿಗೆ ಊಟ ಮತ್ತು ನಿದ್ದೆ ಸಿಗಬೇಕು.

ಕೊನೆಯ ಚೀಟಿ: ದೊಡ್ಡವರು ಯಾರು? ಮೊದಲು ಹುಟ್ಟಿದವನು ಹಿರಣ್ಯಾಕ್ಷನಾದರೂ ಭಾಗವತ ಹಿರಿಯನೆನ್ನುವುದು ಹಿರಣ್ಯಕಶಿಪುವನ್ನು. ಆ ರಾತ್ರಿಯ ಅತ್ತೆಯೂ ಅದೇ ಪಕ್ಷದವರು. ‘ಮೊದಲು ಒಳಗೆ ಹೋದದ್ದೇ ಕಡೆಗೆ ಬರೋದು’ ಎಂದು ವಾದಿಸಿದರು. ಕೇಸ್ ಶೀಟಿನಲ್ಲಿ ನಾವು ಬರೆದದ್ದು, ಒಂದನೆಯದು 2 ಗಂಟೆ 10 ನಿಮಿಷ, ಎರಡನೆಯದು 2 ಗಂಟೆ 28 ನಿಮಿಷ ಎಂದಷ್ಟೇ. ಅದನ್ನು ನನ್ನಿಂದ ಎರಡು ಸಲ ಓದಿಸಿ ಕೇಳಿದ ಅವರು, ಎರಡನೆಯದನ್ನೇ ಮೊದಲು ಎತ್ತಿಕೊಂಡರು.