ಸಾಕೆನ್ನುವ ಸೂಚನೆ ಕೆಡುವುದೆಲ್ಲಿ? ಮಕ್ಕಳ ಬೊಜ್ಜಿನ ಕಾರಣಗಳು

ಎಲ್ಲರಿಗೂ ನಮಸ್ಕಾರ.

ಮಗುವಿನ ಬೊಜ್ಜಿನ ಮಾತು ಬಂದರೆ ತಂದೆತಾಯಿಯರು ಮೊದಲು ಕೇಳುವುದು ‘ಥೈರಾಯ್ಡ್ ತೊಂದರೆ ಇರಬಹುದೇ?’ ಎಂದು. ಅದನ್ನು ಮೊದಲೇ ಮುಗಿಸಿಬಿಡೋಣ. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೂ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಹೆಚ್ಚಾದರೂ ಮಗುವಿನ ಎತ್ತರದ ಬೆಳವಣಿಗೆ ಕುಂಟುತ್ತದೆ. ಹೆಚ್ಚು ಉಂಡು ದಪ್ಪಗಾದ ಮಗು ಹಾಗಲ್ಲ. ಹರೆಯಕ್ಕೆ ಮುನ್ನ ಅದು ಸಾಮಾನ್ಯವಾಗಿ ಓರಗೆಯವರಿಗಿಂತ ತುಸು ಎತ್ತರವೇ ಇರುತ್ತದೆ. ತೂಕ ಏರುತ್ತಿದ್ದು ಎತ್ತರ ನಿಂತುಬಿಟ್ಟಿದ್ದರೆ ಪರೀಕ್ಷೆ ಮಾಡಿಸಲೇಬೇಕು. ಉಳಿದವರಲ್ಲಿ ಹಾರ್ಮೋನಿನ ಕಾರಣ ಸಿಗುವುದು ಅಪರೂಪ. ಸ್ಟೀರಾಯ್ಡ್, ಮೂರ್ಛೆರೋಗಕ್ಕೆ ಕೊಡುವ ವಾಲ್‌ಪ್ರೊಯೇಟ್, ಮಾನಸಿಕ ತೊಂದರೆಗಳಿಗೆ ಕೊಡುವ ರಿಸ್ಪೆರಿಡೋನ್‌ನಂಥ ಔಷಧಿಗಳೂ ತೂಕ ಏರಿಸಬಲ್ಲವು. ಆದರೆ ಅವನ್ನು ತಾವಾಗಿ ನಿಲ್ಲಿಸದೆ, ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು.

ಇನ್ನು ವಂಶ. ಅದರ ಪಾಲು ದೊಡ್ಡದೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 5ರಿಂದ 19 ವರ್ಷದವರಲ್ಲಿ ಬೊಜ್ಜಿನ ಪ್ರಮಾಣ 1990ರಲ್ಲಿ ಶೇ 2 ಇದ್ದದ್ದು 2022ಕ್ಕೆ ಶೇ 8 ಆಗಿದೆ. ಅಷ್ಟರಲ್ಲಿ ಮನುಷ್ಯನ ಜೀನ್‌ಗಳೇನೂ ಬದಲಾಗಲಿಲ್ಲ. ತೂಕದೊಂದಿಗೆ ನಂಟಿದೆಯೆಂದು 2007ರಲ್ಲಿ ಗುರುತಿಸಿದ ಎಫ್‌ಟಿಒ ಜೀನನ್ನೇ ನೋಡಿ: ಒಂದು ಅಧ್ಯಯನದಲ್ಲಿ ಅದರ ಅಪಾಯಕಾರಿ ರೂಪ ಹೊತ್ತ ಮಕ್ಕಳ ದೇಹ ಶಕ್ತಿಯನ್ನು ಉಳಿಸುತ್ತಿರಲಿಲ್ಲ, ಅವರು ಹೆಚ್ಚು ತಿನ್ನುತ್ತಿದ್ದರು. ಅಂದರೆ ವಂಶವೂ ಬಹುಮಟ್ಟಿಗೆ ಹಸಿವಿನ ದಾರಿಯಲ್ಲೇ ಬರುತ್ತದೆ.

ಹಾಗಾಗಿ ‘ಸಾಕು’ ಎನ್ನುವ ಸೂಚನೆ ಎಲ್ಲಿ ಕೆಡುತ್ತದೆ ಎಂದು ಹುಡುಕಬೇಕು. ಹೊಟ್ಟೆ ತುಂಬಿದ ಕೂಸು ಮುಖ ತಿರುಗಿಸುತ್ತದೆ. ಒಂದು ಪ್ರಯೋಗದಲ್ಲಿ ಮೂರು ವರ್ಷದ ಮಕ್ಕಳು, ತಟ್ಟೆಗೆ ಎಷ್ಟೇ ಬಡಿಸಿದರೂ, ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರು. ಐದು ವರ್ಷದವರು ಬಡಿಸಿದ್ದು ಹೆಚ್ಚಾದಂತೆ ಹೆಚ್ಚು ತಿಂದರು. ಆ ನಡುವೆ ‘ಇನ್ನೊಂದೇ ತುತ್ತು’ ಎಂಬ ಒತ್ತಾಯ, ಅಳು ನಿಲ್ಲಿಸಲು ಕೊಟ್ಟ ಸಿಹಿ, ಮೊಬೈಲ್ ತೋರಿಸಿ ತುರುಕಿದ ಊಟ, ಇವೆಲ್ಲ ಹೊಟ್ಟೆಯ ಮಾತನ್ನು ಕೇಳದಿರುವುದನ್ನು ಮಗುವಿಗೆ ಕಲಿಸುತ್ತವೆ. ಪ್ರೀತಿಯಿಂದಲೇ ಕಲಿಸುತ್ತೇವೆ, ಅದೇ ಕಷ್ಟ.

ಈ ಸೂಚನೆಯನ್ನು ಸುಲಭವಾಗಿ ದಾಟಿ ಹೋಗುವುದು ಸಿಹಿ ಪಾನೀಯ. 330 ಮಿಲಿ ಲೀಟರ್ ತಂಪು ಪಾನೀಯದಲ್ಲಿ ಸುಮಾರು 35 ಗ್ರಾಂ ಸಕ್ಕರೆ, ಅಂದರೆ 140 ಕ್ಯಾಲೊರಿ. ಹೊರಗಿನಿಂದ ಸೇರಿಸಿದ ಸಕ್ಕರೆ, ಜೇನು ಮತ್ತು ಹಣ್ಣಿನ ರಸದ ಸಕ್ಕರೆ ಒಟ್ಟು ಶಕ್ತಿಯ ಶೇ 10ಕ್ಕಿಂತ ಕಡಿಮೆಯಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆ. ದಿನಕ್ಕೆ 1,400 ಕ್ಯಾಲೊರಿ ಬೇಕಾದ ಮಗುವಿಗೆ ಆ ಮಿತಿ ಒಂದೇ ಡಬ್ಬಿಗೆ ಮುಗಿಯಿತು. ಅಷ್ಟು ಕುಡಿದ ಮಗು ಮುಂದಿನ ಊಟದಲ್ಲಿ ಅದಕ್ಕೆ ತಕ್ಕಷ್ಟು ಕಡಿಮೆ ಉಣ್ಣುವುದಿಲ್ಲ. ದ್ರವದ ಕ್ಯಾಲೊರಿಯನ್ನು ದೇಹ ಸರಿಯಾಗಿ ಲೆಕ್ಕಕ್ಕೆ ಹಿಡಿಯದು. ಆಟದಲ್ಲಿ ಕರಗಿಸುತ್ತಾನೆ ಬಿಡಿ ಎನ್ನುವವರಿಗೆ ಒಂದು ಮಾತು: 30 ಕಿಲೋ ತೂಕದ ಮಗು ಅದನ್ನು ಕರಗಿಸಲು ಮುಕ್ಕಾಲು ಗಂಟೆಗೆ ಕಡಿಮೆಯಿಲ್ಲದಂತೆ ಚುರುಕಾಗಿ ನಡೆಯಬೇಕು. ‘ನೂರಕ್ಕೆ ನೂರು ಹಣ್ಣಿನ ರಸ’ದಲ್ಲೂ ಸಕ್ಕರೆ ಹೆಚ್ಚುಕಡಿಮೆ ಅಷ್ಟೇ. ಅಗಿಯುವ ಹಣ್ಣು ಒಂದಕ್ಕೇ ಸಾಕೆನಿಸುತ್ತದೆ, ಹಿಂಡಿದರೆ ಮೂರು ನಾಲ್ಕು ಒಂದೇ ಲೋಟಕ್ಕೆ ಹೋಗುತ್ತವೆ.

ನಿದ್ದೆಯನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. 6ರಿಂದ 12 ವರ್ಷದವರಿಗೆ 9ರಿಂದ 12 ತಾಸು ನಿದ್ದೆ ಬೇಕು. ಅದು ಕಡಿಮೆಯಾದರೆ ಹಸಿವು, ಅದರಲ್ಲೂ ಸಿಹಿಯ ಆಸೆ, ಹೆಚ್ಚುತ್ತದೆ. ಎಚ್ಚರವಿರುವ ಹೊತ್ತೂ ಹೆಚ್ಚುವುದರಿಂದ ತಿನ್ನಲು ಅವಕಾಶವೂ ಹೆಚ್ಚು. ರಾತ್ರಿ ಪರದೆಯ ಮುಂದೆ ನಿದ್ದೆಗೇಡು, ಹಸಿವು, ತಿನ್ನುವ ಅವಕಾಶ ಮೂರೂ ಒಟ್ಟಿಗೆ ಸೇರುತ್ತವೆ.

ಕೆಲವು ಕಾರಣಗಳು ಹುಟ್ಟಿಗೂ ಮುಂಚಿನವು: ಗರ್ಭಿಣಿಯ ಸಕ್ಕರೆ ಕಾಯಿಲೆ, ಧೂಮಪಾನ. ಕಡಿಮೆ ತೂಕದಲ್ಲಿ ಹುಟ್ಟಿದ ಕೂಸನ್ನು ಅವಸರದಲ್ಲಿ ಉಬ್ಬಿಸುವುದೂ ಮುಂದೆ ಬೊಜ್ಜಿಗೆ ದಾರಿಯಾಗಬಹುದು.

ಇದೆಲ್ಲ ಕಣ್ಣಿಗೆ ಬೀಳುವುದು ತಡವಾಗಿ. ದೇಹತೂಕ ಸೂಚ್ಯಂಕ, ಅಂದರೆ ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆ, ಮೊದಲ ವರ್ಷದ ನಂತರ ಇಳಿಯುತ್ತಾ ಬಂದು, ಸುಮಾರು 5–6ನೇ ವಯಸ್ಸಿನಲ್ಲಿ ತಳ ಮುಟ್ಟಿ ಮತ್ತೆ ಏರುತ್ತದೆ. ಈ ಏರಿಕೆ 5ಕ್ಕೂ ಮೊದಲೇ ಶುರುವಾದ ಮಕ್ಕಳಲ್ಲಿ ಮುಂದೆ ಬೊಜ್ಜಿನ ಸಂಭವ ಹೆಚ್ಚು. ಆಗ ಮಗು ದಪ್ಪಗೇನೂ ಕಾಣುವುದಿಲ್ಲ, ಹಾಗಾಗಿ ತೂಕವೊಂದನ್ನೇ ನೋಡಿದರೆ ತಿಳಿಯದು. ಎರಡು ವರ್ಷದಿಂದಲೇ ಆರು ತಿಂಗಳಿಗೊಮ್ಮೆ ಎತ್ತರ, ತೂಕ ಎರಡನ್ನೂ ಬೆಳವಣಿಗೆಯ ನಕ್ಷೆಯಲ್ಲಿ ಗುರುತು ಹಾಕಿದ್ದರೆ ಮಾತ್ರ ಆ ತಿರುವು ಕಾಣಿಸುತ್ತದೆ.