ಬೆರಳು ಬೆಳ್ಳಗಾಗದಿದ್ದರೂ ಕೈ ಕೆಡುತ್ತದೆ

ಎಲ್ಲರಿಗೂ ನಮಸ್ಕಾರ. ಅಪಾರ್ಟ್‌ಮೆಂಟಿನಲ್ಲಿ ಯಾರದಾದರೂ ಮನೆ ರಿಪೇರಿ ಶುರುವಾದರೆ ವಾಟ್ಸಾಪ್ ಗ್ರೂಪಿಗೆ ಮೊದಲು ಬರುವ ದೂರು ಸದ್ದಿನದು. ಮಗು ಮಲಗೋ ಹೊತ್ತಲ್ಲಿ ಡ್ರಿಲ್ಲಿಂಗ್ ಬೇಡ ಅಂತ. ಸರಿಯಾದ ಮಾತೇ. ಆದರೆ ಒಳಗೆ ಬ್ರೇಕರ್ ಹಿಡಿದು ಬಾತ್‌ರೂಮಿನ ಟೈಲ್ಸ್ ಒಡೆಯುತ್ತಿರುವವನ ಕೈ ಹೇಗಿದೆ ಅಂತ ಯಾರೂ ಕೇಳುವುದಿಲ್ಲ ಅಲ್ವಾ?

ಆ ಕೈಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬ್ರೇಕರಿನ ತುದಿಯಲ್ಲಿ ಕುಟ್ಟುವ ಉಳಿ ಮೊಂಡಾಗಿದೆ. ಹೊಸದು ಕೊಡಿಸಿಲ್ಲ. ಹಾಗಾಗಿ ಅವನು ಮೈಭಾರವನ್ನೆಲ್ಲ ಹಾಕಿ ಒತ್ತುತ್ತಾನೆ. ಗಟ್ಟಿಯಾಗಿ ಹಿಡಿದಷ್ಟೂ ಮಿಷನ್ನಿನ ವೈಬ್ರೇಶನ್ ಜಾಸ್ತಿ ಕೈಗೇ ಹತ್ತುತ್ತದೆ. ಸ್ವಿಚ್ ಆಫ್ ಮಾಡಿದ ಮೇಲೂ ಬೆರಳು ಜುಮ್ ಅನ್ನುತ್ತಿರುತ್ತದೆ. ಟೀ ಕುಡಿಯುವಷ್ಟರಲ್ಲಿ ಹೋಗುತ್ತೆ ಅಂತ ಸುಮ್ಮನಾಗುತ್ತಾನೆ. ಕೆಲವು ವರ್ಷ ಕಳೆದ ಮೇಲೆ ಅದು ಹೋಗುವುದಿಲ್ಲ. ಕೈ ಜೋಮು ಹಿಡಿದು ರಾತ್ರಿ ಎಚ್ಚರವಾಗುತ್ತದೆ. ಅಂಗಿಯ ಗುಂಡಿ ಹಾಕಲು ಬೆರಳು ಕೇಳುವುದಿಲ್ಲ. ನೆಲದ ಮೇಲೆ ಬಿದ್ದ ಮೊಳೆ ಬೆರಳಿಗೆ ಸಿಕ್ಕಿತೋ ಇಲ್ಲವೋ ಅಂತ ಕಣ್ಣಲ್ಲಿ ನೋಡಿಯೇ ತಿಳಿಯಬೇಕು. ಬೆರಳಿನ ಸಣ್ಣ ರಕ್ತನಾಳಗಳೂ ನರಗಳೂ ಹಾಳಾಗಿರುತ್ತವೆ. ಅತಿಯಾಗಿ ಕೆಟ್ಟ ಮೇಲೆ ಸರಿಹೋಗುವುದು ಬಹಳ ಕಷ್ಟ.

ಇದು ವೈದ್ಯರಿಗೆ ಹೊಸದೇನಲ್ಲ. ಅಮೆರಿಕದ ಇಂಡಿಯಾನಾದ ಬೆಡ್‌ಫರ್ಡ್‌ನಲ್ಲಿ ಗಾಳಿಯ ಒತ್ತಡದಿಂದ ನಡೆಯುವ ಸುತ್ತಿಗೆಯಿಂದ ಸುಣ್ಣದಕಲ್ಲು ಕೆತ್ತುವವರನ್ನು ಡಾಕ್ಟರ್ ಆಲಿಸ್ ಹ್ಯಾಮಿಲ್ಟನ್ ಪರೀಕ್ಷೆ ಮಾಡಿದ್ದು 1918ರಲ್ಲಿ. ಚಳಿಯಲ್ಲಿ ಆ ಕೆಲಸಗಾರರ ಬೆರಳು ರಕ್ತವೇ ಇಲ್ಲದಂತೆ ಬೆಳ್ಳಗಾಗುತ್ತಿತ್ತು. ಅಂದಿನಿಂದ ಈ ಕಾಯಿಲೆಗೆ ಬೆಳ್ಳಗಾದ ಬೆರಳೇ ಗುರುತಾಗಿಬಿಟ್ಟಿತು.

ನಾವು ಎಡವಿದ್ದು ಇಲ್ಲೇ ಅಂತ ನನಗನ್ನಿಸುತ್ತದೆ. ಬೆರಳು ಬೆಳ್ಳಗಾಗಲು ಚಳಿ ಬೇಕು. ಇಳಕಲ್ಲಿನ ಗ್ರಾನೈಟ್ ಕ್ವಾರಿಯ ಬಿಸಿಲಲ್ಲಿ ಜಾಕ್ ಹ್ಯಾಮರ್ ಹಿಡಿದವನ ಬೆರಳು ಹಾಗೆ ಬಿಳುಚಿಕೊಳ್ಳುವುದು ಕಡಿಮೆ. ಆದರೆ ನರ ಕೆಡುವುದಕ್ಕೆ ಚಳಿಯೇನೂ ಬೇಕಿಲ್ಲ. ಕಣ್ಣಿಗೆ ಕಾಣುವ ಗುರುತು ಇಲ್ಲದೇ ಹೋದರೆ ಏನಾಗುತ್ತದೆ? ವಯಸ್ಸಾಯ್ತು ಅಂತಾರೆ, ನಿಶ್ಶಕ್ತಿ ಅಂತಾರೆ, ವಿಟಮಿನ್ ಮಾತ್ರೆ ಬರೆದುಕೊಡುತ್ತಾರೆ. ಮಾರನೇ ದಿನ ಅವನು ಮತ್ತೆ ಅದೇ ಮಿಷನ್ ಹಿಡಿಯುತ್ತಾನೆ.

ತಡೆಯೋಕೆ ಆಗುತ್ತದೆ ಅನ್ನುವುದಕ್ಕೆ ಫಿನ್ಲೆಂಡ್ ಸಾಕ್ಷಿ. ಅಲ್ಲಿನ ಕಾಡುಗಳಲ್ಲಿ ಚೈನ್‌ಸಾದಿಂದ ಮರ ಕಡಿಯುವವರನ್ನು 1972ರಿಂದ 1990ರವರೆಗೆ ಗಮನಿಸಿದರು. ಮೊದಲು 100ಕ್ಕೆ 40 ಜನರಲ್ಲಿ ಬೆರಳು ಬೆಳ್ಳಗಾಗುತ್ತಿತ್ತು, ಕೊನೆಗೆ 5ಕ್ಕೆ ಇಳಿಯಿತು. ಮುಖ್ಯವಾಗಿ ಬದಲಾದದ್ದು ಮಿಷನ್. ಹಗುರವಾಯಿತು, ಅದುರುವುದು ಕಡಿಮೆಯಾಯಿತು. ಆದರೂ ಕೈ ಮರಗಟ್ಟುವ ತೊಂದರೆ ಅಷ್ಟೊಂದು ಇಳಿಯಲಿಲ್ಲ. ನರದ ಕಡೆ ಜಾಸ್ತಿ ಗಮನ ಕೊಡಿ ಅಂತ ನಾನು ಹೇಳುವುದು ಅದಕ್ಕೇ.

ಬ್ರಿಟನ್ನಿನಲ್ಲಿ 2005ರಿಂದ ಇದಕ್ಕೊಂದು ಲೆಕ್ಕವಿದೆ. ಕೈಗೆ ಹತ್ತುವ ವೈಬ್ರೇಶನ್ನಿನ ಎಂಟು ಗಂಟೆಯ ಸರಾಸರಿ 2.5 ದಾಟಿದರೆ ಮಾಲೀಕ ಕ್ರಮ ತೆಗೆದುಕೊಳ್ಳಬೇಕು, 5 ದಾಟಲೇಬಾರದು. ಅಳತೆ ಸೆಕೆಂಡಿನ ವರ್ಗಕ್ಕೆ ಇಷ್ಟು ಮೀಟರ್ ಅಂತ, ಅಂದರೆ ಮಿಷನ್ ಎಷ್ಟು ಜೋರಾಗಿ ಅದುರುತ್ತದೆ ಅನ್ನುವ ಲೆಕ್ಕ. ಹಾಗಾದರೆ ದಿನಕ್ಕೆ ಎಷ್ಟು ಹೊತ್ತು ಮಿಷನ್ ಹಿಡಿಯಬಹುದು ಅಂತ ನೋಡಿದರೆ ಎದೆ ಝಲ್ಲೆನ್ನುತ್ತದೆ. ವೈಬ್ರೇಶನ್ 10 ಇರುವ ಬ್ರೇಕರ್ ಅಂದುಕೊಳ್ಳಿ. ಅರ್ಧ ಗಂಟೆಗೇ ಮೊದಲ ಗೆರೆ ದಾಟುತ್ತದೆ, ಎರಡು ಗಂಟೆಗೆ ಕೊನೆಯ ಗೆರೆ. ಮಿಷನ್ 20ರದ್ದಾದರೆ ಆ ಕೊನೆಯ ಗೆರೆಗೆ ಅರ್ಧ ಗಂಟೆ ಸಾಕು. ಇದು ಮಾಮೂಲಿ ಸರಾಸರಿಯಲ್ಲ, ವೈಬ್ರೇಶನ್ ಎರಡರಷ್ಟಾದರೆ ಸಮಯ ಕಾಲು ಭಾಗಕ್ಕೆ ಇಳಿಯುತ್ತದೆ. ನಮ್ಮಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬನೇ ಹೊಡೆಯುತ್ತಾನೆ.

ನಮ್ಮ ದೇಶದ 1998ರ ಕಟ್ಟಡ ಕಾರ್ಮಿಕರ ಕೇಂದ್ರ ನಿಯಮಗಳಲ್ಲಿ ಸದ್ದು, ವೈಬ್ರೇಶನ್ ಎರಡರಿಂದಲೂ ಕಾರ್ಮಿಕರನ್ನು ಕಾಪಾಡಬೇಕು ಅಂತ ಬರೆದಿದ್ದರು. ಸದ್ದಿಗೆ ಮಿತಿ ಕೊಟ್ಟರು. ಅದೇ ನಿಯಮದಲ್ಲಿ ವೈಬ್ರೇಶನ್‌ಗೆ ಅಂಕಿ ಕೊಡಲಿಲ್ಲ. ಅಂಕಿ ಇಲ್ಲದ ನಿಯಮವನ್ನು ಇನ್‌ಸ್ಪೆಕ್ಟರ್ ಹೇಗೆ ಅಳೆಯುತ್ತಾರೆ? ಹೊಸ ಕಾರ್ಮಿಕ ಸಂಹಿತೆಗಳ ಕೆಳಗಾದರೂ ಆ ಅಂಕಿ ಬರಬೇಕು.

ಗ್ಲೌಸ್ ಕೊಟ್ಟಿದ್ದೀವಲ್ಲ ಅಂತ ಕಂಟ್ರಾಕ್ಟರ್ ಹೇಳಬಹುದು. ಗ್ಲೌಸ್ ಕೈ ಬೆಚ್ಚಗಿಡುತ್ತದೆ, ಗಾಯವಾಗದಂತೆ ನೋಡಿಕೊಳ್ಳುತ್ತದೆ. ಬ್ರೇಕರಿನಂಥ ಕುಟ್ಟುವ ಮಿಷನ್ನಿನ ವೈಬ್ರೇಶನ್ ತಡೆಯಲು ಅದನ್ನು ನಂಬಿ ಕೂರಬೇಡಿ. ಚೂಪಾದ ಉಳಿ ಕೊಡಿಸಿ. ಇಬ್ಬರನ್ನು ಇಟ್ಟು ಪಾಳಿ ಬದಲಿಸಿ. ಬಾಡಿಗೆಗೆ ತರುವಾಗ ಮಿಷನ್ನಿನ ಪುಸ್ತಕದಲ್ಲಿ ವೈಬ್ರೇಶನ್ ಎಷ್ಟು ಅಂತ ನೋಡಿ, ಸೈಟಿನಲ್ಲಿ ಅದು ಇನ್ನೂ ಜಾಸ್ತಿ ಇರಬಹುದು ಅನ್ನುವುದು ನೆನಪಿರಲಿ. ಚದರಡಿ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಯಾರೂ ನಿಲ್ಲಿಸಿ ಕೈಗೆ ಬಿಡುವು ಕೊಡುವುದಿಲ್ಲ. ಈ ಕೆಲಸಕ್ಕೆ ದಿನಗೂಲಿಯೇ ಇರಲಿ. ಮನೆ ಮಾಲೀಕರೇ, ಒಂದು ದಿನ ಜಾಸ್ತಿ ಹಿಡಿದರೆ ಹಿಡಿಯಲಿ ಬಿಡಿ.

ಇನ್ನು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ನನ್ನದೊಂದು ಒತ್ತಾಯ. ಆರೋಗ್ಯ ತಪಾಸಣೆ ಮಾಡಿಸುವಾಗ ಬಿಪಿ, ಶುಗರ್ ಜೊತೆ ಮೂರು ಪ್ರಶ್ನೆ ಸೇರಿಸಿ. ಯಾವ ಮಿಷನ್ ಹಿಡೀತೀರಿ? ದಿನಕ್ಕೆ ಎಷ್ಟು ಹೊತ್ತು? ರಾತ್ರಿ ಕೈ ಜೋಮು ಹಿಡಿಯುತ್ತಾ? ಹೌದು ಅಂದವರನ್ನು ನರದ ಪರೀಕ್ಷೆಗೆ ಕಳಿಸಿ, ಆ ದಿನದ ಕೂಲಿಯನ್ನೂ ಮಂಡಳಿಯೇ ಕೊಡಲಿ.